ಕತೆಯಿಲ್ಲದ ಪುಸ್ತಕದಲ್ಲಿ ಸಿಕ್ಕ ಸಿನಿಮಾ

‘ಮೈಸೂರ ಮಲ್ಲಿಗೆ’ಯೊಳಗೆ ಒಂದು ಸಿನಿಮಾ ಇದೆ ಎಂದು ಮೊದಲ ಓದಿಗೆ ಯಾರಿಗೂ ಅನ್ನಿಸುವುದಿಲ್ಲ. 1942ರಲ್ಲಿ ಬಂದ ಆ ಪುಟ್ಟ ಕವನ ಸಂಕಲನದಲ್ಲಿ ಕತೆ ಎನ್ನುವುದೇ ಇಲ್ಲ. ಮೊದಲ ಪುಟದಿಂದ ಕೊನೆಯ ಪುಟದವರೆಗೆ ನಡೆದುಬರುವ ನಾಯಕನಿಲ್ಲ, ಅಡ್ಡಗಾಲು ಹಾಕುವ ಖಳನಿಲ್ಲ, ಮುಂದೇನಾಯಿತು ಎಂದು ಪುಟ ತಿರುಗಿಸುವ ಆತುರವಿಲ್ಲ. ಇರುವುದು ಗಂಡ, ಹೆಂಡತಿ, ತವರು, ಮಾವನ ಮನೆ, ಬಳೆ, ಬೆಳದಿಂಗಳು. ಐವತ್ತು ವರ್ಷದ ನಂತರ, 1992ರಲ್ಲಿ, ಟಿ.ಎಸ್. ನಾಗಾಭರಣ ಇದೇ ಪುಸ್ತಕದಿಂದ ಒಂದು ಪೂರಾ ಸಿನಿಮಾ ಹೊರತೆಗೆದರು. 1991ನೇ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ಅದು ಕನ್ನಡದ ಅತ್ಯುತ್ತಮ ಚಿತ್ರವಾಯಿತು; ಅತ್ಯುತ್ತಮ ಗೀತರಚನೆಯ ಪ್ರಶಸ್ತಿ ಕವಿ ಕೆ.ಎಸ್. ನರಸಿಂಹಸ್ವಾಮಿ ಅವರಿಗೆ ಬಂತು. ಹರೆಯದಲ್ಲಿ ಬರೆದ ಕವಿತೆಗಳಿಗೆ ಎಪ್ಪತ್ತು ದಾಟಿದ ಮೇಲೆ ಸಿನಿಮಾ ಗೀತರಚನೆಯ ಪ್ರಶಸ್ತಿ!

ಮತ್ತೆ ಮತ್ತೆ ನೋಡಬೇಕೆನಿಸುವ ಪ್ರೀತಿಯ ಸಿನಿಮಾಗಳು ಯಾವುವು ಎಂದು ನಮ್ಮ ಹಾಸನದ ಕಡೆಯವರು ಕೇಳಿದಾಗ ನಾನು ಮೊದಲು ಹೇಳುವುದು ಇದೇ ಹೆಸರು. ಇದಕ್ಕೆ ಊರಿನ ಮೇಲಿನ ಅಭಿಮಾನವೂ ಒಂದು ಕಾರಣ. ನರಸಿಂಹಸ್ವಾಮಿ ಹುಟ್ಟಿದ್ದು 1915ರಲ್ಲಿ, ಕಿಕ್ಕೇರಿಯಲ್ಲಿ. ಮಂಡ್ಯ ಜಿಲ್ಲೆಯ ಕೆ.ಆರ್. ಪೇಟೆ ತಾಲ್ಲೂಕಿಗೆ ಸೇರಿದರೂ ಕಿಕ್ಕೇರಿ ನಮ್ಮ ಗಡಿಯ ಮಗ್ಗುಲಲ್ಲೇ ಇದೆ. ಚನ್ನರಾಯಪಟ್ಟಣದಿಂದ ಶ್ರವಣಬೆಳಗೊಳ ದಾಟಿ ಹೊರಟರೆ ಹೆಚ್ಚು ಹೊತ್ತು ಬೇಕಿಲ್ಲ. ಆ ಕವಿತೆಗಳಿಗೆ ಸಿನಿಮಾದಲ್ಲಿ ರಾಗ ಹಾಕಿದ ಸಿ. ಅಶ್ವತ್ಥ್ 1939ರ ಡಿಸೆಂಬರ್ 29ರಂದು ಹುಟ್ಟಿದ್ದು ಇದೇ ಚನ್ನರಾಯಪಟ್ಟಣದಲ್ಲಿ. ಒಂದೇ ರಸ್ತೆಯ ಒಂದು ತುದಿಯಲ್ಲಿ ಕವಿ, ಇನ್ನೊಂದು ತುದಿಯಲ್ಲಿ ರಾಗ ಸಂಯೋಜಕ. ಇಬ್ಬರೂ ಬಾಳಿದ್ದು ಬೆಂಗಳೂರಿನಲ್ಲಿ; ಒಬ್ಬರು ಸರ್ಕಾರಿ ಕಚೇರಿಯ ಗುಮಾಸ್ತಿಕೆಯಲ್ಲಿ, ಇನ್ನೊಬ್ಬರು ಐಟಿಐ ಕಾರ್ಖಾನೆಯ ನೌಕರಿಯಲ್ಲಿ. ಇಬ್ಬರೂ ಹೊಟ್ಟೆಪಾಡಿನ ಕೆಲಸ ಮಾಡುತ್ತಲೇ ಹಾಡು ಕಟ್ಟಿದವರು.

ಪುಸ್ತಕದೊಳಗಿನ ಸಿನಿಮಾ ಒಂದೇ ದಿನಕ್ಕೆ ಒಬ್ಬರ ಕಣ್ಣಿಗೆ ಬಿದ್ದದ್ದಲ್ಲ. ಮೊದಲು ಅದು ಕಿವಿಗೆ ಬಿತ್ತು. ಪಿ. ಕಾಳಿಂಗರಾಯರು ಈ ಕವಿತೆಗಳನ್ನು ಊರೂರಲ್ಲಿ ಹಾಡಿದರು. ಮೈಸೂರು ಅನಂತಸ್ವಾಮಿ ಹಾಡಿದರು. ಆಮೇಲೆ ಅಶ್ವತ್ಥರ ರಾಗಗಳಲ್ಲಿ ಅವು ಕ್ಯಾಸೆಟ್ಟಾಗಿ ಮನೆಮನೆಯ ಟೇಪ್ ರೆಕಾರ್ಡರಿಗೆ ಬಂದವು. ಹಾಡಾಗಿ ಕೇಳಿದಾಗ ಓದಿನಲ್ಲಿ ಅಷ್ಟಾಗಿ ಗಮನಕ್ಕೆ ಬಾರದ ಒಂದು ಸಂಗತಿ ಎದ್ದು ಕಾಣುತ್ತದೆ. ಇಲ್ಲಿ ಹೆಚ್ಚಿನ ಕವಿತೆಗಳು ಮಾತುಗಳು. ಯಾರೋ ಯಾರಿಗೋ ಏನನ್ನೋ ಹೇಳುತ್ತಿದ್ದಾರೆ, ಹೇಳುವವರಿಗೆ ಒಂದು ಮನೆಯಿದೆ, ಮನೆಗೆ ಒಂದು ಬಾಗಿಲಿದೆ. ತವರಿಗೆ ಹೋದ ಹೆಂಡತಿಯ ಸುದ್ದಿ ಹೊತ್ತು ಬಳೆಗಾರ ಚೆನ್ನಯ್ಯ ಗಂಡನ ಮನೆಬಾಗಿಲಿಗೆ ಬರುತ್ತಾನೆ. ರಾತ್ರಿ ಮಾವನ ಮನೆಗೆ ಬಂದ ಅಳಿಯನಿಗೆ ನೀರು, ಊಟ, ಹಾಸಿಗೆ ಎಲ್ಲ ಸಿಗುತ್ತದೆ, ಹೆಂಡತಿಯ ಮುಖ ಮಾತ್ರ ಕಾಣುವುದಿಲ್ಲ. ಶಾನುಭೋಗರ ತಾಯಿಯಿಲ್ಲದ ಮಗಳನ್ನು ಊರಿಗೆ ಊರೇ ಅಕ್ಕರೆಯಿಂದ ನೋಡುತ್ತದೆ. ಪಾತ್ರವಿದೆ, ಜಾಗವಿದೆ, ಹೊತ್ತಿದೆ. ಒಂದು ದೃಶ್ಯಕ್ಕೆ ಇನ್ನೇನು ಬೇಕು?

ನಾಗಾಭರಣರಿಗೆ ದಾರಿ ತೋರಿಸಿದ ಇನ್ನೊಂದು ಸಂಗತಿಯೂ ಇತ್ತು ಎಂದು ನನಗನ್ನಿಸುತ್ತದೆ. 1990ರಲ್ಲಿ ಅವರೇ ‘ಸಂತ ಶಿಶುನಾಳ ಶರೀಫ’ ತೆಗೆದಿದ್ದರು. ಅದಕ್ಕೂ ಅಶ್ವತ್ಥರದೇ ಸಂಗೀತ. ತತ್ವಪದಗಳನ್ನೇ ಬೆನ್ನೆಲುಬು ಮಾಡಿಕೊಂಡು ಸಿನಿಮಾ ಕಟ್ಟಬಹುದು, ಜನ ಕೂತು ನೋಡುತ್ತಾರೆ ಎಂಬುದು ಅಲ್ಲಿ ಸಾಬೀತಾಗಿತ್ತು. ಆದರೆ ಶರೀಫರಿಗೆ ಒಂದು ಜೀವನವಿತ್ತು, ಗುರುವಿದ್ದರು, ಊರಿತ್ತು. ಹಾಡುಗಳನ್ನು ಆ ಜೀವನದ ಎಳೆಗೆ ಪೋಣಿಸಿದರೆ ಸಾಕಿತ್ತು. ‘ಮೈಸೂರ ಮಲ್ಲಿಗೆ’ಯಲ್ಲಿ ಎಳೆಯನ್ನೇ ಹುಡುಕಬೇಕಿತ್ತು.

ಆ ಎಳೆ ಪುಸ್ತಕದಲ್ಲೇ ಚದುರಿ ಬಿದ್ದಿತ್ತು. ಒಂದು ಕವಿತೆಯ ಶಾನುಭೋಗರಿಗೆ ಇನ್ನೊಂದು ಕವಿತೆಯ ಅಳಿಯನನ್ನು ಅಳಿಯನಾಗಿ ಕೊಡಿ. ಮತ್ತೊಂದು ಕವಿತೆಯ ಬಳೆಗಾರನನ್ನು ಆ ಎರಡು ಮನೆಗಳ ನಡುವೆ ಓಡಾಡಲು ಬಿಡಿ. ಬೇರೆ ಬೇರೆ ಪುಟಗಳಲ್ಲಿ ಒಂಟಿಯಾಗಿದ್ದವರು ಒಂದೇ ಊರಿನವರಾಗಿಬಿಡುತ್ತಾರೆ. ಚೆನ್ನಯ್ಯನನ್ನು ಕಂಡುಕೊಂಡದ್ದು ಇದರಲ್ಲಿ ಬಹಳ ದೊಡ್ಡದು. ಹಿರಿಯರ ಮುಂದೆ ಗಂಡ ಹೆಂಡತಿ ಬಾಯಿಬಿಟ್ಟು ಮಾತಾಡದ ಕಾಲ ಅದು. ಹೆಂಗಸರ ಕೈಹಿಡಿದು ಬಳೆ ತೊಡಿಸುವ, ಯಾವ ಹಟ್ಟಿಯೊಳಕ್ಕೂ ಹೋಗಿ ಬರುವ ಬಳೆಗಾರನೊಬ್ಬನೇ ಎರಡೂ ಕಡೆಯ ಮನಸ್ಸು ಬಲ್ಲವನು. ಪ್ರೇಮದ ಸಿನಿಮಾಕ್ಕೆ ಬೇಕಾದ ದೂತನನ್ನು ಕವಿ ಆಗಲೇ ಹೊರಡಿಸಿದ್ದರು.

ಎಲ್ಲ ಇದ್ದರೂ ಒಂದು ಕೊರತೆಯಿತ್ತು. ಆ ದಾಂಪತ್ಯದ ನೆಮ್ಮದಿಗೆ ಹೊರಗಿನ ಪೆಟ್ಟು ಬೀಳದೆ ಎರಡೂವರೆ ಗಂಟೆಯ ಸಿನಿಮಾ ಆಗುವುದಿಲ್ಲ. ಅದನ್ನು ಚಿತ್ರ ತೆಗೆದುಕೊಂಡದ್ದು ಪುಸ್ತಕದ ಕಾಲದಿಂದ. 1942 ಎಂದರೆ ಕ್ವಿಟ್ ಇಂಡಿಯಾ ಚಳವಳಿಯ ವರ್ಷ. ಕವಿತೆಗಳಲ್ಲಿ ಇಲ್ಲದ ಚಳವಳಿ ಸಿನಿಮಾದೊಳಕ್ಕೆ ಬಂತು. ಒಂದು ಕಡೆ ಕವಿಹೃದಯದ ತರುಣ, ಇನ್ನೊಂದು ಕಡೆ ಸರ್ಕಾರದ ಲೆಕ್ಕ ಬರೆಯುವ ಮಾವ. ಗಿರೀಶ ಕಾರ್ನಾಡರ ಶಾನುಭೋಗ ಇಲ್ಲಿ ಕೆಟ್ಟವನಲ್ಲ. ಮಗಳ ಮೇಲಿನ ಪ್ರೀತಿಗೂ ತನ್ನ ಹುದ್ದೆಯ ಹೆದರಿಕೆಗೂ ನಡುವೆ ಸಿಕ್ಕಿಬಿದ್ದ ಮನುಷ್ಯ. 1986ರಲ್ಲಿ ‘ಆನಂದ್’ ಚಿತ್ರದಿಂದ ಕಾಲೇಜು ಹುಡುಗಿಯಾಗಿ ಹೆಸರಾದ ಸುಧಾರಾಣಿ ಇಲ್ಲಿ ಹಳ್ಳಿಮನೆಯ ಮಗಳಾಗಿ ಎಷ್ಟು ಕಡಿಮೆ ಮಾತಲ್ಲಿ ಎಷ್ಟು ಹೇಳುತ್ತಾರೆ ಎಂಬುದು ಎರಡನೆಯ ಸಲ ನೋಡಿದಾಗಲೇ ತಿಳಿಯುವುದು.

ನನ್ನ ಮಟ್ಟಿಗೆ ಚಳವಳಿಯ ಭಾಗ ಸ್ವಲ್ಪ ಭಾರವೇ. ಕವಿತೆಗಳ ಜೀವ ಇರುವುದು ಹಜಾರದಲ್ಲಿ, ಹಿತ್ತಲಲ್ಲಿ. ಮೆರವಣಿಗೆ ಬಂದಾಗ ಸಿನಿಮಾ ನಮಗೆ ಗೊತ್ತಿರುವ ದಾರಿ ಹಿಡಿಯುತ್ತದೆ. ಆದರೂ ಮತ್ತೆ ನೋಡುತ್ತೇನೆ. ಮುಂದೇನಾಗುತ್ತದೆ ಎಂಬುದು ಗೊತ್ತಿದ್ದ ಮೇಲೂ ಉಳಿಯುವುದೇನು ಎಂಬುದೇ ಸಿನಿಮಾಕ್ಕೆ ಎರಡನೆಯ ಸಲದ ಪರೀಕ್ಷೆ. ಕತೆಯಿಲ್ಲದ ಪುಸ್ತಕದಿಂದ ಬಂದದ್ದಾದ್ದರಿಂದ ಈ ಚಿತ್ರ ಆ ಪರೀಕ್ಷೆಯಲ್ಲಿ ಸಲೀಸಾಗಿ ಗೆಲ್ಲುತ್ತದೆ. ಗುಟ್ಟು ಬಯಲಾದರೆ ಕಳೆದುಹೋಗುವಂಥದ್ದು ಇದರಲ್ಲಿ ಮೊದಲಿನಿಂದಲೂ ಇರಲಿಲ್ಲ.

ಚಳವಳಿಯ ಮಾತು ಬಂದಾಗ ಗೊರೂರು ನೆನಪಾಗಲೇಬೇಕು. ‘ಮೈಸೂರ ಮಲ್ಲಿಗೆ’ ಅಚ್ಚಾದ ಕಾಲಕ್ಕೆ, ಹಾಸನದಿಂದ ಅರಕಲಗೂಡಿಗೆ ಹೋಗುವ ದಾರಿಯ ಗೊರೂರಿನಲ್ಲಿ ಹುಟ್ಟಿದ ಗೊರೂರು ರಾಮಸ್ವಾಮಿ ಅಯ್ಯಂಗಾರ್ ಅದೇ ಚಳವಳಿಗಾಗಿ ಸೆರೆಮನೆ ಕಂಡವರು. ಖಾದಿ ತೊಟ್ಟು ಬಾಳಿದ ಗಾಂಧಿವಾದಿ. ‘ಹಳ್ಳಿಯ ಚಿತ್ರಗಳು’, ‘ನಮ್ಮ ಊರಿನ ರಸಿಕರು’ ಓದಿದವರಿಗೆ ಅವರ ಕಣ್ಣು ಎಂಥದ್ದೆಂದು ಗೊತ್ತು. ಊರಿನ ಜಿಪುಣನನ್ನೂ ಜಗಳಗಂಟನನ್ನೂ ಅವರು ಸಿಟ್ಟಿಲ್ಲದೆ ನೋಡುತ್ತಾರೆ. ಆ ಕಣ್ಣಿನಿಂದ ಕಂಡ ಒಂದು ಕತೆಯನ್ನು ನಿರ್ದೇಶಕ ಸಿದ್ದಲಿಂಗಯ್ಯ ಎತ್ತಿಕೊಂಡರು. 1974ರಲ್ಲಿ ‘ಭೂತಯ್ಯನ ಮಗ ಅಯ್ಯು’ ತೆರೆಗೆ ಬಂತು.

ಇದನ್ನು ಪ್ರೇಮಕತೆಯ ಸಾಲಿಗೆ ಯಾರೂ ಸೇರಿಸುವುದಿಲ್ಲ. ನಾನು ಸೇರಿಸುತ್ತೇನೆ. ಮನಸ್ಸು ಬೆಚ್ಚಗಾಗುವ ಸಿನಿಮಾ ಎಂದರೆ ಹುಡುಗ ಹುಡುಗಿ ಒಂದಾಗಲೇಬೇಕೆಂದಿಲ್ಲ; ಇಲ್ಲಿ ಒಂದಾಗುವುದು ಇಬ್ಬರು ಹಗೆಗಳು. ಎಂ.ಪಿ. ಶಂಕರ್ ಅವರ ಭೂತಯ್ಯ ಊರನ್ನು ಹಿಂಡಿ ಬದುಕಿದವನು, ಅವನು ಸತ್ತರೆ ಊರು ಅಳುವುದಿಲ್ಲ. ಆ ಅವಮಾನ ಮಗ ಅಯ್ಯುವಿನ ಎದೆಯಲ್ಲಿ ಹೆಪ್ಪುಗಟ್ಟುತ್ತದೆ. ಎದುರಿಗೆ ಗುಳ್ಳ. ಜಮೀನು, ಸಾಲ, ಕೋರ್ಟು ಎಂದು ಹಗೆ ಎರಡೂ ಮನೆಗಳನ್ನು ತಿನ್ನುತ್ತದೆ. ಅಯ್ಯುವಾದ ಲೋಕೇಶ್, ಗುಳ್ಳನಾದ ವಿಷ್ಣುವರ್ಧನ್ ಇಬ್ಬರಿಗೂ ಇದು ಆರಂಭದ ವರ್ಷಗಳ ಚಿತ್ರ, ಇಬ್ಬರೂ ಒಬ್ಬರನ್ನೊಬ್ಬರು ಮೀರಿಸುವಂತೆ ನಟಿಸಿದ್ದಾರೆ. ಲೋಕನಾಥ್ ಅವರ ಉಪ್ಪಿನಕಾಯಿಯ ಪ್ರಸಂಗಕ್ಕೆ ನಕ್ಕವರೇ ಕೊನೆಯ ಪ್ರವಾಹದಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ.

ಆ ಪ್ರವಾಹ ನಮ್ಮ ಕಡೆಯವರಿಗೆ ಬರೀ ಸಿನಿಮಾದ ಕ್ಲೈಮ್ಯಾಕ್ಸ್ ಆಗಿ ಕಾಣುವುದಿಲ್ಲ. ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು ಮುಗಿದದ್ದು 1979ರಲ್ಲಿ. ಅದಕ್ಕೆ ಮೊದಲು ಮಳೆಗಾಲದ ಹೇಮಾವತಿ ಹೇಗಿರುತ್ತಿತ್ತು ಎಂಬುದನ್ನು ಗೊರೂರು, ಹೊಳೆನರಸೀಪುರದ ಹೊಳೆದಂಡೆಯ ಹಿರಿಯರನ್ನು ಕೇಳಬೇಕು. ಹೊಳೆ ಊರಿಗೆ ನುಗ್ಗಿದಾಗ ಯಾವ ಮನೆ ಯಾರದೆಂದು ನೋಡಿಕೊಂಡು ನುಗ್ಗುವುದಿಲ್ಲ ಎಂಬುದು ಇಲ್ಲಿನವರು ಬಾಳಿ ಕಂಡ ಮಾತು. ಸಿದ್ದಲಿಂಗಯ್ಯ ಚಿತ್ರೀಕರಣ ಮಾಡಿದ್ದು ಚಿಕ್ಕಮಗಳೂರಿನ ಕಡೆಯ ಕಳಸಾಪುರದಲ್ಲಿ. ಆದರೆ ಆ ನೀರಿನ ತಿಳಿವಳಿಕೆ ಗೊರೂರರ ಹೊಳೆದಂಡೆಯದು. ಮುಂದೆ ಸಿದ್ದಲಿಂಗಯ್ಯನವರೇ ಗೊರೂರರ ‘ಹೇಮಾವತಿ’ಯನ್ನೂ ಚಿತ್ರ ಮಾಡಿದರು.

ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದ ಎಸ್.ಎಲ್. ಭೈರಪ್ಪನವರ ಕಾದಂಬರಿಗಳೂ ಸಿನಿಮಾಗಳಾಗಿವೆ. 1972ರ ‘ವಂಶವೃಕ್ಷ’ ಅವುಗಳಲ್ಲಿ ಹೆಸರಾಂತದ್ದು. ದೊಡ್ಡ ಚಿತ್ರ. ಆದರೆ ಮನಸ್ಸು ಕಲಕುವ ಸಿನಿಮಾ, ಬೆಚ್ಚಗೆ ಮಾಡುವಂಥದ್ದಲ್ಲ; ಅದಕ್ಕೆ ಬೇರೆಯದೇ ಸಂಜೆ ಬೇಕು. ಬೇಲೂರಿನ ಶಿಲ್ಪಿಯ ಐತಿಹ್ಯವನ್ನು ಹಿಡಿದು ಬಿ.ಎಸ್. ರಂಗಾ 1964ರಲ್ಲಿ ತೆಗೆದ ‘ಅಮರಶಿಲ್ಪಿ ಜಕಣಾಚಾರಿ’ ಕನ್ನಡದ ಮೊದಲ ಪೂರ್ಣ ಬಣ್ಣದ ಚಿತ್ರ. ಕಲ್ಯಾಣ್‌ಕುಮಾರ್, ಬಿ. ಸರೋಜಾದೇವಿ ಅವರ ಪ್ರೇಮ ಇವತ್ತಿನ ಕಣ್ಣಿಗೆ ನಾಟಕೀಯ ಅನ್ನಿಸಬಹುದು. ದಿನವೂ ಕಾಣುವ ಬೇಲೂರನ್ನು ಒಂದು ಪ್ರೇಮಕತೆಯ ಜಾಗವಾಗಿ ಮೊದಲು ಬಣ್ಣದಲ್ಲಿ ಕಂಡವರ ಸಂಭ್ರಮವನ್ನು ಊಹಿಸಿಕೊಂಡು ನೋಡಿದರೆ ಇಷ್ಟವಾಗುತ್ತದೆ.

ಹೊಳೆನರಸೀಪುರದ ಪಾಲು ಬೇರೆ ರೀತಿಯದು. ಆ ತಾಲ್ಲೂಕಿನ ಹರದನಹಳ್ಳಿಯ ಎಚ್.ಡಿ. ಕುಮಾರಸ್ವಾಮಿ ಸಿನಿಮಾ ಹಂಚಿಕೆ, ನಿರ್ಮಾಣದಲ್ಲಿ ತೊಡಗಿದ್ದ ದಿನಗಳಲ್ಲಿ ಚೆನ್ನಾಂಬಿಕಾ ಫಿಲಂಸ್ ಹೆಸರಿನಲ್ಲಿ 1999ರಲ್ಲಿ ‘ಸೂರ್ಯವಂಶ’ ಬಂತು. ನಿರ್ದೇಶನ ಎಸ್. ನಾರಾಯಣ್ ಅವರದು. ಮೂಲ ತಮಿಳಿನದು, ನಿಜ. ಆದರೆ ಅಪ್ಪನ ಕಣ್ಣಿಗೆ ಬೇಡವಾದ, ಓದು ಬಾರದ ಮಗ ತನ್ನ ಹೆಂಡತಿಯನ್ನು ಜಿಲ್ಲಾಧಿಕಾರಿಯಾಗುವವರೆಗೆ ಓದಿಸುವ ಆ ಕತೆಯಲ್ಲಿ ಅಪ್ಪ, ಮಗ ಎರಡೂ ಆದ ವಿಷ್ಣುವರ್ಧನ್ ಅದನ್ನು ನಮ್ಮದಾಗಿಸಿಬಿಟ್ಟರು. ಟಿ.ವಿ.ಯಲ್ಲಿ ಬಂದರೆ ಇವತ್ತಿಗೂ ಕೆಲಸ ಬಿಟ್ಟು ಕೂರುವ ಮನೆಗಳಿವೆ. ಗುಳ್ಳನನ್ನೂ ಈ ಮಗನನ್ನೂ ಅಕ್ಕಪಕ್ಕ ಇಟ್ಟು ನೋಡಿ. ಕಾಲು ಶತಮಾನದಲ್ಲಿ ಆ ನಟನ ಸಿಡುಕು ಕಳೆದು ಮೃದುತ್ವ ಉಳಿದದ್ದು ಕಾಣುತ್ತದೆ.

ಆಮೇಲಿನವರು ಪುಸ್ತಕವನ್ನು ಬಿಟ್ಟು ಜಾಗವನ್ನೇ ಹುಡುಕಿಕೊಂಡು ಬಂದರು. ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜು 1960ರಿಂದ ಇದೆ. ಅದರ ಕಾರಿಡಾರು, ಮರಗಳಲ್ಲಿ ಒಂದು ಸಿನಿಮಾ ಇದೆಯೆಂದು ನಮಗೆ ತೋರಿಸಿಕೊಟ್ಟದ್ದು ರಿಷಬ್ ಶೆಟ್ಟಿ ನಿರ್ದೇಶಿಸಿ, ರಕ್ಷಿತ್ ಶೆಟ್ಟಿ ನಟಿಸಿದ ‘ಕಿರಿಕ್ ಪಾರ್ಟಿ’. 2016ರ ಡಿಸೆಂಬರ್ 30ರಂದು ಅದು ಬಿಡುಗಡೆಯಾಯಿತು. ಹಾಸ್ಟೆಲಿನ ಗಲಾಟೆಗೆ ಜನ ಹೋದರು. ಮತ್ತೆ ಹೋದದ್ದು ನಾಯಕಿ ಸಾನ್ವಿಗಾಗಿ. ಗೆಳೆಯರ ಪುಂಡಾಟದ ಕೆಳಗೆ ಕಳೆದುಕೊಂಡದ್ದರ ಸಂಕಟವೊಂದು ಹರಿಯುತ್ತಲೇ ಇರುವುದರಿಂದ ಎರಡನೆಯ ಸಲ ಮೊದಲರ್ಧದ ನಗುವೇ ಬೇರೆಯಾಗಿ ಕೇಳುತ್ತದೆ.

‘ಮುಂಗಾರು ಮಳೆ’ಯನ್ನು ಕೊನೆಗೆ ಇಟ್ಟುಕೊಂಡದ್ದಕ್ಕೆ ಕಾರಣವಿದೆ. 2006ರ ಡಿಸೆಂಬರ್ 29ರಂದು ಬಂದ ಈ ಚಿತ್ರ ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿ ವರ್ಷಕ್ಕೂ ಹೆಚ್ಚು ಓಡಿತು. ಯೋಗರಾಜ ಭಟ್ಟರು ಸಕಲೇಶಪುರ, ಮಡಿಕೇರಿ, ಜೋಗದ ಕಡೆ ಮಳೆಯನ್ನು ಬೆನ್ನಟ್ಟಿ ಹೋದರು. ಅಷ್ಟು ದಿನ ಕನ್ನಡ ಸಿನಿಮಾದ ಮಳೆ ಹೆಚ್ಚಾಗಿ ಹಾಡಿನ ನೆಪವಾಗಿತ್ತು, ಇಲ್ಲಿ ಎಸ್. ಕೃಷ್ಣ ಅವರ ಕ್ಯಾಮೆರಾದಲ್ಲಿ ಅದು ಕತೆಯ ಉಸಿರಾಯಿತು. ಪ್ರೀತಂ ಆದ ಗಣೇಶ್ ವಟಗುಟ್ಟುತ್ತಲೇ ಇರುತ್ತಾರೆ, ಮಳೆ ಸುರಿಯುತ್ತಲೇ ಇರುತ್ತದೆ, ದೇವದಾಸ ಎಂಬ ಮೊಲ ಕೇಳಿಸಿಕೊಳ್ಳುತ್ತಿರುತ್ತದೆ. ಕೊನೆಗೆ ಹುಡುಗಿ ಅವನಿಗೆ ಸಿಗುವುದಿಲ್ಲ. ಪ್ರೀತಿಯ ಸಿನಿಮಾ ಎಂದರೆ ತಾಳಿಯ ದೃಶ್ಯಕ್ಕೆ ಮುಗಿಯಬೇಕೆಂದಿದ್ದ ಕಾಲದಲ್ಲಿ, ಪ್ರೀತಂ ತನ್ನ ಪ್ರೀತಿಯನ್ನು ತಾನೇ ಬಿಟ್ಟುಕೊಟ್ಟು ಹೊರಟದ್ದನ್ನು ಜನ ಒಪ್ಪಿಕೊಂಡರು, ಮತ್ತೆ ಟಿಕೆಟ್ ತೆಗೆದುಕೊಂಡರು. ಮಾತಿನ ಮಲ್ಲನೊಬ್ಬ ಹೇಳಬೇಕಾದ ಒಂದೇ ಮಾತನ್ನು ನುಂಗಿಕೊಳ್ಳುವುದನ್ನು ನೋಡಲು ಹೋದರು.

ಮನೆಯಲ್ಲಿ ಎಲ್ಲರೂ ಕೂತು ನೋಡುವುದಾದರೆ ‘ಸೂರ್ಯವಂಶ’ದಿಂದ ಶುರುಮಾಡಿ, ಮಕ್ಕಳು ಒಪ್ಪುತ್ತಾರೆ. ‘ಭೂತಯ್ಯನ ಮಗ ಅಯ್ಯು’ವನ್ನು ಅಜ್ಜ ಅಜ್ಜಿ ಇರುವಾಗ ಹಾಕಿ, ಉಪ್ಪಿನಕಾಯಿಯ ದೃಶ್ಯ ಬರುವ ಮೊದಲೇ ಅವರು ಹೇಳಿಬಿಡುತ್ತಾರೆ, ಹೇಳಲು ಬಿಡಿ. ‘ಮುಂಗಾರು ಮಳೆ’ಗೆ ಜೂನ್ ತಿಂಗಳು ಒಳ್ಳೆಯದು. ‘ಮೈಸೂರ ಮಲ್ಲಿಗೆ’ಯನ್ನು ಮಾತ್ರ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ನೋಡಿ. ಹಾಡು ಬಂದಾಗ ನಿಲ್ಲಿಸಿ, ಆ ಕವಿತೆಯ ಪುಟ ತೆಗೆದು ಓದಿ, ಆಮೇಲೆ ಮುಂದಕ್ಕೆ ಬಿಡಿ. ಹಾಗೆ ನೋಡಿದರೆ ರಾತ್ರಿ ಬಹಳ ಹೊತ್ತಾಗುತ್ತದೆ, ಮಾರನೆಯ ದಿನ ರಜೆ ಇರುವುದು ಒಳ್ಳೆಯದು.