ಮಗಳು ಯಾವ ವಿಭಾಗದ ಡಾಕ್ಟರಾಗಬೇಕು?

ಮಲೆನಾಡಿನ ತಾಲ್ಲೂಕು ಕೇಂದ್ರವೊಂದರಿಂದ ನಿವೃತ್ತ ಶಿಕ್ಷಕರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಅವರ ಮಗಳು ಎಂ.ಬಿ.ಬಿ.ಎಸ್. ಮುಗಿಸಿ ಸ್ನಾತಕೋತ್ತರ ಪ್ರವೇಶ ಪರೀಕ್ಷೆ ಬರೆದಿದ್ದಾಳೆ. ಬಂದಿರುವ ರ‍್ಯಾಂಕಿಗೆ ಖಾಸಗಿ ಕಾಲೇಜಿನಲ್ಲಿ ಪ್ರಸೂತಿ ಮತ್ತು ಸ್ತ್ರೀರೋಗ ವಿಭಾಗ ಸಿಗಬಹುದು, ಇಲ್ಲವೇ ಸರ್ಕಾರಿ ಕಾಲೇಜಿನಲ್ಲಿ ಅರಿವಳಿಕೆ ವಿಭಾಗ. ಹುಡುಗಿಗೆ ಅರಿವಳಿಕೆಯೇ ಬೇಕಂತೆ. ಮನೆಯಲ್ಲಿ ಯಾರಿಗೂ ಇಷ್ಟವಿಲ್ಲ. ‘ಸ್ವಂತಕ್ಕೊಂದು ಕ್ಲಿನಿಕ್ ಇಡಲಾಗದ ಡಾಕ್ಟರು ಎಂಥ ಡಾಕ್ಟರು? ಬೋರ್ಡಿನ ಮೇಲೆ ಏನೆಂದು ಬರೆಸುವುದು? ಆಪರೇಷನ್ನಿಗೆ ಮುಂಚೆ ಇಂಜೆಕ್ಷನ್ ಕೊಡುವ ಕೆಲಸಕ್ಕೆ ಇಷ್ಟು ವರ್ಷ ಓದಬೇಕಿತ್ತೆ?’ ಎಂದು ಮೇಷ್ಟ್ರು ಕೇಳಿದ್ದಾರೆ. ಒಂದು ವಾರದಿಂದ ಅಪ್ಪ ಮಗಳ ನಡುವೆ ಮಾತಿಲ್ಲವೆಂದೂ ಬರೆದಿದ್ದಾರೆ.

ಇಂತಹ ಪತ್ರ ಇದೊಂದೇ ಅಲ್ಲ. ಮಕ್ಕಳನ್ನು ವೈದ್ಯಕೀಯಕ್ಕೆ ಸೇರಿಸಿದ ಅನೇಕ ಮನೆಗಳಲ್ಲಿ ಐದಾರು ವರ್ಷಗಳ ನಂತರ ಇದೇ ಮಾತುಕತೆ ನಡೆಯುತ್ತದೆ. ಆದ್ದರಿಂದ ಉತ್ತರವನ್ನು ಇಲ್ಲಿಯೇ ಬರೆಯುತ್ತಿದ್ದೇನೆ. ಮನೆಯಲ್ಲಿ ಡಾಕ್ಟರಾಗುವವರು ಯಾರೂ ಇಲ್ಲದವರೂ ಓದಬಹುದು. ನಿಮ್ಮ ಊರಿನ ಆಸ್ಪತ್ರೆಯಲ್ಲಿ ನಾಳೆ ಯಾವ ವೈದ್ಯರು ಇರುತ್ತಾರೆ, ಯಾರು ಇರುವುದಿಲ್ಲ ಎಂಬುದು ಇಂತಹ ಮನೆಗಳಲ್ಲಿಯೇ ತೀರ್ಮಾನವಾಗುತ್ತದೆ.

ಮೊದಲು ವರ್ಷಗಳ ಲೆಕ್ಕ. ಎಂ.ಬಿ.ಬಿ.ಎಸ್. ಓದು ನಾಲ್ಕೂವರೆ ವರ್ಷ, ಅದರ ಮೇಲೆ ಒಂದು ವರ್ಷ ಹೌಸ್ ಸರ್ಜನ್ ತರಬೇತಿ. ನಂತರ ನೀಟ್-ಪಿ.ಜಿ. ಪರೀಕ್ಷೆ. ಸೀಟು ಸಿಕ್ಕರೆ ಎಂ.ಡಿ. ಅಥವಾ ಎಂ.ಎಸ್. ಮೂರು ವರ್ಷ. ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಡಿ.ಎನ್.ಬಿ. ಪದವಿಗೂ ಅಷ್ಟೇ ಕಾಲ. ಹೃದಯ, ಮೂತ್ರಪಿಂಡ, ನರಮಂಡಲದ ತಜ್ಞರಾಗಬೇಕಾದರೆ ಮತ್ತೊಂದು ಪ್ರವೇಶ ಪರೀಕ್ಷೆ, ಮತ್ತೆ ಮೂರು ವರ್ಷ. ಹದಿನೆಂಟಕ್ಕೆ ಕಾಲೇಜು ಸೇರಿದವರು ಎಲ್ಲವನ್ನೂ ಒಂದೇ ಸಲಕ್ಕೆ ಪಾಸು ಮಾಡಿದರೂ ಮೂವತ್ತರ ಹತ್ತಿರ ಬಂದಿರುತ್ತಾರೆ. ಪಿ.ಜಿ. ಸೀಟಿಗಾಗಿ ಒಂದೆರಡು ವರ್ಷ ಮನೆಯಲ್ಲಿ ಕುಳಿತು ಓದುವವರೇ ಈಗ ಹೆಚ್ಚಾಗಿ ಕಾಣುತ್ತಾರೆ. ಓರಗೆಯ ಇಂಜಿನಿಯರುಗಳು ಅಷ್ಟರಲ್ಲಿ ಮನೆ ಕಟ್ಟಿಸಿರುತ್ತಾರೆ. ಇಷ್ಟು ದೀರ್ಘವಾದ ಓದಿನಲ್ಲಿ ಮನಸ್ಸಿಗೆ ಒಗ್ಗದ ವಿಷಯವನ್ನು ಹೊತ್ತುಕೊಂಡು ಹೋಗುವುದು ಎಷ್ಟು ಕಷ್ಟವೆಂದು ಯೋಚಿಸಿ.

ಪರೀಕ್ಷೆಯಲ್ಲಿ ಇನ್ನೂರು ಪ್ರಶ್ನೆಗಳು, ಮೂರೂವರೆ ಗಂಟೆ ಕಾಲ. ಸರಿ ಉತ್ತರಕ್ಕೆ ನಾಲ್ಕು ಅಂಕ, ತಪ್ಪಿಗೆ ಒಂದು ಅಂಕ ಕಡಿತ. ಅಂಗರಚನೆಯಿಂದ ಹಿಡಿದು ಮನೋವೈದ್ಯದವರೆಗೆ ಎಲ್ಲ ವಿಷಯಗಳೂ ಅದರಲ್ಲಿ ಸೇರಿವೆ. ನೆನಪಿನ ಶಕ್ತಿ ಮತ್ತು ಚುರುಕುತನ ಇದರಿಂದ ಗೊತ್ತಾಗುತ್ತವೆ. ಕೈ ನಡುಗುತ್ತದೆಯೇ, ಅಳುವ ಮಗುವನ್ನು ಕಂಡರೆ ತಾಳ್ಮೆ ಇದೆಯೇ, ರಾತ್ರಿ ಮೂರಕ್ಕೆ ಎಬ್ಬಿಸಿದರೆ ಬುದ್ಧಿ ನೆಟ್ಟಗೆ ಕೆಲಸ ಮಾಡುತ್ತದೆಯೇ ಎಂಬುದನ್ನು ಯಾವ ಪ್ರಶ್ನೆಪತ್ರಿಕೆಯೂ ಹೇಳಲಾರದು. ಅವೆಲ್ಲ ತಿಳಿಯುವುದು ಹೌಸ್ ಸರ್ಜನ್ ವರ್ಷದಲ್ಲಿ. ಆದರೆ ಆ ವರ್ಷವನ್ನೇ ಇಂದಿನ ಹುಡುಗರು ಕೋಚಿಂಗಿಗೆ ಬಲಿ ಕೊಡುತ್ತಿದ್ದಾರೆ. ವಾರ್ಡಿನ ಮೂಲೆಯಲ್ಲಿ ಮೊಬೈಲಿನಲ್ಲಿ ಪ್ರಶ್ನೆ ಬಿಡಿಸುತ್ತಾ ನಿಂತವರನ್ನು ನಾನು ಕಂಡಿದ್ದೇನೆ. ಅವರನ್ನು ಬೈದು ಪ್ರಯೋಜನವಿಲ್ಲ, ವ್ಯವಸ್ಥೆಯೇ ಹಾಗಿದೆ. ಆದರೆ ಅವರಿಗೆ ಸಿಗುವ ನಿಜವಾದ ಪರೀಕ್ಷೆ ತಪ್ಪಿಹೋಗುತ್ತದೆ.

ನನ್ನದೇ ಮಾತು ಹೇಳುವುದಾದರೆ, ವಿದ್ಯಾರ್ಥಿಯಾಗಿದ್ದಾಗ ನನಗೆ ಶಸ್ತ್ರವೈದ್ಯನಾಗುವ ಹುಚ್ಚು. ಹೌಸ್ ಸರ್ಜನ್ ಆಗಿ ಶಸ್ತ್ರಚಿಕಿತ್ಸಾ ವಿಭಾಗಕ್ಕೆ ಹೋದಾಗ ಒಂದು ವಿಚಿತ್ರ ಕಂಡಿತು. ಆಪರೇಷನ್ ಮಾಡುವ ಹೊತ್ತಿಗಿಂತ, ಹಿಂದಿನ ದಿನ ರೋಗಿಯ ಹಾಸಿಗೆಯ ಪಕ್ಕ ಕುಳಿತು ಹೊಟ್ಟೆನೋವಿನ ಕಾರಣ ಹುಡುಕುವ ಹೊತ್ತೇ ನನಗೆ ಹೆಚ್ಚು ಹಿತವಾಗಿತ್ತು. ಕಾರಣ ತಿಳಿದೊಡನೆ ನನ್ನ ಆಸಕ್ತಿ ಮುಗಿಯುತ್ತಿತ್ತು. ಶಸ್ತ್ರವೈದ್ಯರ ಕೆಲಸ ಆಗಷ್ಟೇ ಶುರುವಾಗುತ್ತಿತ್ತು. ಹಾಗೆ ನಾನು ಜನರಲ್ ಮೆಡಿಸಿನ್ ಕಡೆಗೆ ಬಂದೆ. ಮನೆಯವರಿಗೆ ಬೇಸರವಾಯಿತು, ಎರಡು ವರ್ಷದಲ್ಲಿ ಮರೆತರು.

ಇನ್ನು ಯಾವುದಕ್ಕೆ ಬೇಡಿಕೆ, ಏಕೆ? ಒಳ್ಳೆಯ ರ‍್ಯಾಂಕ್ ಬಂದವರು ಈಗ ಮೊದಲು ಕೇಳುವುದು ರೇಡಿಯಾಲಜಿ, ಚರ್ಮರೋಗ, ಜನರಲ್ ಮೆಡಿಸಿನ್. ಸ್ಕ್ಯಾನಿಂಗ್ ಇಲ್ಲದೆ ಇಂದು ಯಾವ ಚಿಕಿತ್ಸೆಯೂ ಮುಂದೆ ಹೋಗದು. ಚರ್ಮರೋಗದಲ್ಲಿ ರಾತ್ರಿ ಕರೆ ಕಡಿಮೆ, ಸೌಂದರ್ಯ ಚಿಕಿತ್ಸೆಯ ಆದಾಯ ಬೇರೆ. ಮೆಡಿಸಿನ್ ಮಾಡಿದರೆ ಹೃದ್ರೋಗ, ನರರೋಗ ಮುಂತಾದ ಉನ್ನತ ವ್ಯಾಸಂಗಕ್ಕೆ ದಾರಿ ತೆರೆಯುತ್ತದೆ. ಇನ್ನೊಂದು ಕಡೆ ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಜೀವರಸಾಯನಶಾಸ್ತ್ರದಂತಹ ವಿಭಾಗಗಳಿಗೆ ಕೇಳುವವರಿಲ್ಲ. 2023ರಲ್ಲಿ ಸೀಟುಗಳು ಖಾಲಿ ಉಳಿಯದಿರಲೆಂದು ಅರ್ಹತೆಯ ಮಟ್ಟವನ್ನು ಎಲ್ಲ ವರ್ಗದವರಿಗೂ ಸೊನ್ನೆ ಪರ್ಸೆಂಟೈಲಿಗೆ ಇಳಿಸಬೇಕಾಯಿತು. ಅಂದರೆ ಪರೀಕ್ಷೆ ಬರೆದವರೆಲ್ಲರೂ ಅರ್ಹರೇ! ಈ ವಿಷಯಗಳನ್ನು ಕಲಿಸುವವರಿಲ್ಲದಿದ್ದರೆ ಮೊದಲ ವರ್ಷದ ವಿದ್ಯಾರ್ಥಿಗೆ ಪಾಠ ಹೇಳುವವರು ಯಾರು ಎಂದು ಯಾರೂ ಕೇಳುವುದಿಲ್ಲ.

ಮನೆಯ ಹಿರಿಯರಿಗೆ ಇನ್ನೊಂದು ಲೆಕ್ಕವೂ ಇರುತ್ತದೆ. ಹುಡುಗನಾದರೆ ಮೂಳೆ, ಶಸ್ತ್ರಚಿಕಿತ್ಸೆ. ಹುಡುಗಿಯಾದರೆ ಹೆರಿಗೆ, ಮಕ್ಕಳ ವಿಭಾಗ, ಚರ್ಮ. ‘ಹೆಣ್ಣುಮಗಳಿಗೆ ಹೆರಿಗೆ ವಿಭಾಗವೇ ಸರಿ’ ಎನ್ನುವವರು ಒಂದನ್ನು ಮರೆಯುತ್ತಾರೆ. ಹೆರಿಗೆ ಗಡಿಯಾರ ನೋಡಿ ಬರುವುದಿಲ್ಲ. ಎಲ್ಲ ವಿಭಾಗಗಳಲ್ಲಿ ಅತಿ ಹೆಚ್ಚು ನಿದ್ದೆಗೆಡುವವರಲ್ಲಿ ಪ್ರಸೂತಿ ತಜ್ಞರೂ ಸೇರಿದ್ದಾರೆ. ಎರಡು ಜೀವಗಳ ಹೊಣೆ, ಸ್ವಲ್ಪ ಹೆಚ್ಚು ಕಡಿಮೆಯಾದರೂ ಆಸ್ಪತ್ರೆಯ ಬಾಗಿಲಲ್ಲಿ ಗಲಾಟೆ. ಇಷ್ಟಪಟ್ಟು ಬಂದವರಿಗೆ ಇದಕ್ಕಿಂತ ಸಂತೋಷದ ಕೆಲಸವಿಲ್ಲ. ಬಲವಂತಕ್ಕೆ ಬಂದವರಿಗೆ ಅದು ಪ್ರತಿರಾತ್ರಿಯ ಶಿಕ್ಷೆ.

ಈಗ ಮೇಷ್ಟ್ರ ಪ್ರಶ್ನೆಗೆ ಬರೋಣ. ಅರಿವಳಿಕೆ ತಜ್ಞರು ಇಂಜೆಕ್ಷನ್ ಕೊಟ್ಟು ಹೋಗುವವರೇ?

1846ರ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್ನಿನ ಆಸ್ಪತ್ರೆಯಲ್ಲಿ ಮಾರ್ಟನ್ ಎಂಬ ದಂತವೈದ್ಯ ಈಥರ್ ಆವಿ ಕುಡಿಸಿ ರೋಗಿಗೆ ನೋವಿಲ್ಲದಂತೆ ಶಸ್ತ್ರಚಿಕಿತ್ಸೆ ಮಾಡಬಹುದೆಂದು ಎಲ್ಲರೆದುರು ತೋರಿಸಿದ. ಅದಕ್ಕೆ ಮೊದಲು ಆಪರೇಷನ್ ಎಂದರೆ ರೋಗಿಯನ್ನು ನಾಲ್ಕು ಜನ ಒತ್ತಿ ಹಿಡಿಯುವುದು, ವೈದ್ಯ ಆದಷ್ಟು ಬೇಗ ಕೊಯ್ಯುವುದು. ಹೊಟ್ಟೆಯೊಳಗೆ, ಎದೆಯೊಳಗೆ ನಿಧಾನವಾಗಿ ಕೆಲಸ ಮಾಡಲು ಸಾಧ್ಯವಾದದ್ದು ಅರಿವಳಿಕೆ ಬಂದ ಮೇಲೆ.

ಪೂರ್ಣ ಅರಿವಳಿಕೆಯಲ್ಲಿ ರೋಗಿಗೆ ಎಚ್ಚರ ತಪ್ಪಿಸುವುದು ಒಂದು ಭಾಗ ಮಾತ್ರ. ಸ್ನಾಯುಗಳನ್ನು ಸಡಿಲಗೊಳಿಸುವ ಔಷಧ ಕೊಟ್ಟರೆ ಉಸಿರಾಟವೇ ನಿಲ್ಲುತ್ತದೆ. ಆಗ ಗಂಟಲಿನ ಮೂಲಕ ಶ್ವಾಸನಾಳಕ್ಕೆ ಕೊಳವೆ ಇಳಿಸಿ ರೋಗಿಯ ಪರವಾಗಿ ಉಸಿರಾಡಿಸುವವರು ಈ ತಜ್ಞರೇ. ಕೊಳವೆ ಇಳಿಸಲು ಇರುವುದು ಕೆಲವೇ ನಿಮಿಷ. ಸಿಸೇರಿಯನ್ನಿಗೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟಾಗ ತಾಯಿಯ ರಕ್ತದೊತ್ತಡ ತಟ್ಟನೆ ಇಳಿಯಬಹುದು; ಅದನ್ನು ಆ ಕ್ಷಣವೇ ಸರಿಪಡಿಸಬೇಕು. ಶಸ್ತ್ರವೈದ್ಯರ ಕಣ್ಣು ಗಾಯದ ಮೇಲಿದ್ದರೆ ಇವರ ಕಣ್ಣು ನಾಡಿ, ರಕ್ತದೊತ್ತಡ, ಆಮ್ಲಜನಕ, ಉಸಿರಿನಲ್ಲಿ ಹೊರಬರುವ ಇಂಗಾಲದ ಡೈಆಕ್ಸೈಡ್ ಮೇಲೆ. ರೋಗಿ ಎಚ್ಚರಗೊಂಡು ತನ್ನ ಹೆಸರು ಹೇಳುವವರೆಗೆ ಜಾಗ ಬಿಟ್ಟು ಕದಲುವಂತಿಲ್ಲ. 2020-21ರ ಕೋವಿಡ್ ಕಾಲದಲ್ಲಿ ವೆಂಟಿಲೇಟರುಗಳ ಪಕ್ಕ ಹಗಲೂ ರಾತ್ರಿ ನಿಂತವರಲ್ಲಿ ಬಹಳ ಮಂದಿ ಇದೇ ವಿಭಾಗದವರು. ತೀವ್ರ ನಿಗಾ ಘಟಕ, ಕ್ಯಾನ್ಸರ್ ರೋಗಿಗಳ ನೋವು ನಿವಾರಣೆ ಇವೂ ಇವರ ಕ್ಷೇತ್ರ.

(ಮಾತು ಬಂತೆಂದು ಎಲ್ಲ ಓದುಗರಿಗೂ ಒಂದು ಸೂಚನೆ. ಆಪರೇಷನ್ನಿನ ಹಿಂದಿನ ದಿನ ಬಾಯಿ ತೆರೆಸಿ ನೋಡಿ ನೂರು ಪ್ರಶ್ನೆ ಕೇಳುವ ಡಾಕ್ಟರು ಇವರೇ. ಅಲ್ಲಾಡುವ ಹಲ್ಲು, ಬೀಡಿ, ಮದ್ಯ, ನುಂಗುತ್ತಿರುವ ಮಾತ್ರೆ, ಹಳೆಯ ಅಲರ್ಜಿ ಯಾವುದನ್ನೂ ಮುಚ್ಚಿಡಬೇಡಿ. ಉಪವಾಸ ಇರಿ ಎಂದರೆ ‘ಎರಡು ಇಡ್ಲಿ ತಾನೇ’ ಎಂದು ತಿನ್ನಿಸಬೇಡಿ. ಹೊಟ್ಟೆಯಲ್ಲಿದ್ದ ಆಹಾರ ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಅಪಾಯ.)

ಮೇಷ್ಟ್ರ ಊರಿನ ಸಂಗತಿಯನ್ನೇ ನೋಡಿ. ಪತ್ರದ ಮೂರನೆಯ ಪುಟದಲ್ಲಿ, ಬೇರೆ ಯಾವುದೋ ಮಾತಿಗೆ, ಅವರು ಹೀಗೆ ಬರೆದಿದ್ದಾರೆ: ಹೋದ ಮಳೆಗಾಲದಲ್ಲಿ ಪಕ್ಕದ ಮನೆಯ ಹುಡುಗಿಯನ್ನು ಹೆರಿಗೆ ನೋವಿನಲ್ಲಿ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದರೆ ರಾತ್ರಿ ಹನ್ನೊಂದಕ್ಕೆ ಜಿಲ್ಲಾಸ್ಪತ್ರೆಗೆ ಕಳಿಸಿದರು, ಘಾಟಿಯ ರಸ್ತೆಯಲ್ಲಿ ಆಂಬುಲೆನ್ಸಿನಲ್ಲಿ ಎರಡು ಗಂಟೆ. ಹೇಗೋ ತಾಯಿ ಮಗು ಉಳಿದರು. ಹೀಗೇಕೆ ಕಳಿಸುತ್ತಾರೆಂದು ವಿಚಾರಿಸಿದರೆ ಅನೇಕ ಕಡೆ ಒಂದೇ ಉತ್ತರ. ಪ್ರಸೂತಿ ತಜ್ಞರು ಇರುತ್ತಾರೆ, ಆಪರೇಷನ್ ಥಿಯೇಟರ್ ಇರುತ್ತದೆ, ಅರಿವಳಿಕೆ ಕೊಡುವವರು ಇರುವುದಿಲ್ಲ. ತುರ್ತು ಸಿಸೇರಿಯನ್ ಮಾಡುವ ಆಸ್ಪತ್ರೆಯಲ್ಲಿ ಪ್ರಸೂತಿ, ಅರಿವಳಿಕೆ, ಮಕ್ಕಳ ತಜ್ಞರು ಮೂವರೂ ಬೇಕು. ಮೂರರಲ್ಲಿ ಒಂದು ಕಾಲು ಮುರಿದರೂ ಮಣೆ ನಿಲ್ಲದು. ಈ ಕೊರತೆಯನ್ನು ತುಂಬಲೆಂದೇ ಸರ್ಕಾರ ಎಂ.ಬಿ.ಬಿ.ಎಸ್. ವೈದ್ಯರಿಗೆ ಜೀವರಕ್ಷಕ ಅರಿವಳಿಕೆಯ ಅಲ್ಪಾವಧಿ ತರಬೇತಿಯನ್ನು, ಆರಂಭದಲ್ಲಿ ಹದಿನೆಂಟು ವಾರಗಳದ್ದು, ಜಾರಿಗೆ ತರಬೇಕಾಯಿತು. ನಿಮ್ಮ ಮಗಳು ಬೇಡುತ್ತಿರುವುದು ನಿಮ್ಮ ಊರಿನಲ್ಲಿ ಇಲ್ಲದ ಆ ಡಾಕ್ಟರಾಗುವುದನ್ನು.

ಹಾಗೆಂದು ಆಕೆಯ ಆಯ್ಕೆಯಲ್ಲಿ ತೊಡಕೇ ಇಲ್ಲವೆಂದಲ್ಲ. ಸ್ವಂತ ಬೋರ್ಡು ಇಲ್ಲ ಎಂಬುದು ನಿಜ. ರೋಗಿಗೆ ಶಸ್ತ್ರವೈದ್ಯರ ಹೆಸರು ನೆನಪಿರುತ್ತದೆ, ಇವರ ಹೆಸರು ಇರುವುದಿಲ್ಲ. ಕೃತಜ್ಞತೆಯ ಮಾತು, ಊರಿನ ಗೌರವ ಬೇಕೆನ್ನುವ ಸ್ವಭಾವದವರಿಗೆ ಇದು ಕೊರಗಾದೀತು. ಸಣ್ಣ ಊರುಗಳಲ್ಲಿ ಒಬ್ಬರೇ ನಾಲ್ಕು ನರ್ಸಿಂಗ್ ಹೋಮುಗಳಿಗೆ ಓಡಾಡಬೇಕು. ಗಂಟೆಗಟ್ಟಲೆ ಏನೂ ಆಗದೆ, ಒಂದು ನಿಮಿಷದಲ್ಲಿ ಎಲ್ಲವೂ ಆಗುವ ಕೆಲಸವಿದು. ಆ ಒಂದು ನಿಮಿಷದ ಒತ್ತಡ ತಾಳುವ ಮನಸ್ಸಿದೆಯೇ ಎಂದು ಆಕೆಯನ್ನು ಕೇಳಿ. ಹೌಸ್ ಸರ್ಜನ್ಸಿಯಲ್ಲಿ ಈ ವಿಭಾಗದಲ್ಲಿ ಕಳೆಯುವುದು ಕೆಲವೇ ದಿನ. ಅಷ್ಟರಲ್ಲಿ ಕಂಡ ಇಷ್ಟ ಗಟ್ಟಿಯಾದದ್ದೋ, ಒಳ್ಳೆಯ ಪ್ರಾಧ್ಯಾಪಕರೊಬ್ಬರ ಪ್ರಭಾವವೋ ಎಂಬುದನ್ನೂ ಕೇಳಬೇಕು. ಒಬ್ಬ ಹಿರಿಯ ಅರಿವಳಿಕೆ ತಜ್ಞರ ಅನುಮತಿ ಪಡೆದು ಬೆಳಿಗ್ಗೆ ಏಳರಿಂದ ಮರುದಿನ ಬೆಳಿಗ್ಗೆಯವರೆಗೆ ಅವರ ಜೊತೆಗಿದ್ದು ಬರಲಿ. ಪ್ರಸೂತಿ ವಿಭಾಗದಲ್ಲಿಯೂ ಹಾಗೆಯೇ ಒಂದು ದಿನ.

ರಾತ್ರಿ ಪಾಳಿಯ ಬಗ್ಗೆ ತಾಯಿ ಹೆದರಿದ್ದಾರೆಂದು ಬರೆದಿದ್ದೀರಿ. 2024ರ ಆಗಸ್ಟಿನಲ್ಲಿ ಕೋಲ್ಕತ್ತದಲ್ಲಿ ಕರ್ತವ್ಯದಲ್ಲಿದ್ದ ಯುವ ವೈದ್ಯೆಯ ಹತ್ಯೆಯಾದ ಮೇಲೆ ಹೆದರದ ತಾಯಿ ಯಾರಿದ್ದಾರೆ? ಆದರೆ ರಾತ್ರಿ ಪಾಳಿ ಎರಡು ವಿಭಾಗಗಳಲ್ಲಿಯೂ ಇದೆ. ಸೇರುವ ಕಾಲೇಜಿನಲ್ಲಿ ಮಹಿಳಾ ವೈದ್ಯರಿಗೆ ಬೀಗ ಹಾಕಿಕೊಳ್ಳಬಹುದಾದ ವಿಶ್ರಾಂತಿ ಕೊಠಡಿ, ಕಾವಲು, ದೀಪವಿರುವ ದಾರಿ ಇದೆಯೇ ಎಂದು ಈಗ ಓದುತ್ತಿರುವ ಪಿ.ಜಿ. ವಿದ್ಯಾರ್ಥಿನಿಯರನ್ನೇ ವಿಚಾರಿಸಿ. ಕೆಲಸದ ಗಂಟೆಗಳನ್ನೂ ಕೇಳಿ. ವೈದ್ಯಕೀಯ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯ ಕುರಿತು ರಾಷ್ಟ್ರೀಯ ವೈದ್ಯಕೀಯ ಆಯೋಗ ನೇಮಿಸಿದ ಕಾರ್ಯಪಡೆ 2024ರಲ್ಲಿ ವಾರಕ್ಕೆ 74 ಗಂಟೆ ಮೀರಬಾರದು, ಒಂದು ದಿನ ರಜೆ ಇರಬೇಕು ಎಂದು ಶಿಫಾರಸು ಮಾಡಿದೆ. ಮೀರಬಾರದ ಮಿತಿಯೇ 74 ಗಂಟೆಯಾದರೆ ವಾಸ್ತವ ಹೇಗಿದ್ದೀತೆಂದು ನೀವೇ ಊಹಿಸಿ.

ಹಣದ ಮಾತು ಬೇಗ ಮುಗಿಸುತ್ತೇನೆ. ಸರ್ಕಾರಿ ಕಾಲೇಜಿನ ಸೀಟಿಗೆ ಶುಲ್ಕ ಕಡಿಮೆ, ತಿಂಗಳಿಗೆ ಸ್ಟೈಪೆಂಡ್ ಬರುತ್ತದೆ, ನೋಡಲು ರೋಗಿಗಳೂ ಬೇಕಾದಷ್ಟು. ಖಾಸಗಿ ಕಾಲೇಜಿನ ಮ್ಯಾನೇಜ್‌ಮೆಂಟ್ ಸೀಟಾದರೆ ವರ್ಷಕ್ಕೆ ಹತ್ತಾರು ಲಕ್ಷ. ತೋಟ ಅಡವಿಟ್ಟು ಓದಿಸುವೆನೆಂದು ಬರೆದಿದ್ದೀರಿ. ಸಾಲದ ಕಂತು ಕಟ್ಟಲು ಅವಸರದಲ್ಲಿರುವ ಡಾಕ್ಟರು ಬೇಡದ ಪರೀಕ್ಷೆಗಳನ್ನು ಬರೆಯುವುದಿಲ್ಲವೆಂದು ಯಾರು ಹೇಳಬಲ್ಲರು? ದಯವಿಟ್ಟು ತೋಟವನ್ನು ಬಿಟ್ಟುಬಿಡಿ.

ಕೊನೆಗೆ ಕೌನ್ಸೆಲಿಂಗ್ ಬಗ್ಗೆ. ಆಯ್ಕೆಗಳನ್ನು ಕ್ರಮವಾಗಿ ತುಂಬುವಾಗ ‘ಇದು ಹೇಗೂ ಸಿಗುವುದಿಲ್ಲ’ ಎಂದು ಇಷ್ಟದ ಸೀಟನ್ನು ಕೆಳಗೆ ಹಾಕುವವರಿದ್ದಾರೆ. ಅದು ತಪ್ಪು. ಪಟ್ಟಿಯಲ್ಲಿ ಮೇಲಿನಿಂದ ನೋಡುತ್ತಾ ಬಂದು ರ‍್ಯಾಂಕಿಗೆ ದಕ್ಕುವ ಮೊದಲ ಸೀಟನ್ನು ಕೊಡುತ್ತಾರೆ. ಮೇಲೆ ಬರೆದದ್ದು ಸಿಗದಿದ್ದರೆ ಕೆಳಗಿನದಕ್ಕೆ ಏನೂ ನಷ್ಟವಿಲ್ಲ. ನಿಜವಾಗಿ ಯಾವುದು ಮೊದಲು ಬೇಕೋ ಅದನ್ನೇ ಮೊದಲು ಬರೆಯಬೇಕು. ಸೀಟು ಸಿಕ್ಕ ಮೇಲೆ ಬಿಟ್ಟರೆ ದಂಡ, ಮುಂದಿನ ಸುತ್ತುಗಳಿಗೆ ನಿರ್ಬಂಧ ಇರುವುದರಿಂದ ಆ ವರ್ಷದ ನಿಯಮಪುಸ್ತಕವನ್ನು ಸಾಲು ಬಿಡದೆ ಓದಿ. ಪಾಠ ಮಾಡಿದ ನಿಮಗೆ ಅದೇನೂ ಕಷ್ಟವಲ್ಲ, ಮೇಷ್ಟ್ರೇ. ಕೊನೆಯ ದಿನಾಂಕದವರೆಗೆ ಕ್ರಮ ಬದಲಿಸಲು ಅವಕಾಶವಿದೆ. ಪಟ್ಟಿಯನ್ನು ಒಂದು ಹಾಳೆಯ ಮೇಲೆ ಬರೆದು ಅಪ್ಪ ಮಗಳು ಇಬ್ಬರೂ ಜೊತೆಗೆ ಕುಳಿತು ನೋಡಿ, ಈ ವಾರವೇ.