ಹೂಜಿಯೂ ಹಲ್ಲಿನ ಕವಚವೂ

ದೊಡ್ಡಬೆಳವಂಗಲದ ನಮ್ಮ ಮನೆಯಲ್ಲಿ ಬೇಸಗೆ ಬಂದಿತೆಂದರೆ ಮಣ್ಣಿನ ಹೂಜಿಗೆ ಅಗ್ರಸ್ಥಾನ. ಆವಿಗೆಯಲ್ಲಿ ಬೆಂದರೂ ಅದರ ಮೈಯಲ್ಲಿ ಸೂಕ್ಷ್ಮರಂಧ್ರಗಳು ಉಳಿದಿರುವುದರಿಂದ ನೀರು ಜಿನುಗಿ, ಆವಿಯಾಗಿ, ಒಳಗಿನದು ತಂಪಾಗುವುದು. ಬೆಂಗಳೂರಿನ ಬಿ.ಎಚ್.ಇ.ಎಲ್. ಕಾರ್ಖಾನೆ ತಯಾರಿಸುತ್ತ ಬಂದ ವಿದ್ಯುತ್ ಪಿಂಗಾಣಿಯಲ್ಲಿಯಾದರೋ ಇಂಥ ರಂಧ್ರ ಇರಕೂಡದು. ಇದ್ದರೆ ನೀರು ಹೊಕ್ಕು ವಿದ್ಯುತ್ತಿಗೆ ದಾರಿಯಾಗುವುದು. ಹಲ್ಲಿಗೂ ಅದು ಶತ್ರುವೆಂಬುದನ್ನು ನಾವು ಅರುವತ್ತರ ಹೊಸ್ತಿಲಲ್ಲಿ ಕಲಿತೆವು.

ನಮ್ಮ ದವಡೆಯ ಹಲ್ಲೊಂದಕ್ಕೆ ಜಿರ್ಕೋನಿಯಾ ಎಂಬ ಬಿಳಿಯ ವಸ್ತುವಿನ ‘ಕ್ಯಾಪ್’ ಹಾಕಬೇಕೆಂದು ದಂತವೈದ್ಯರು ಹೇಳಿದರು. ಸುಡುವ ಮೊದಲು ಅದನ್ನು ನೋಡಿದೆವು. ಸೀಮೆಸುಣ್ಣದಂತೆ ಮೃದು, ಹಲ್ಲಿಗಿಂತ ಎದ್ದು ಕಾಣುವಷ್ಟು ದೊಡ್ಡದು! ಅಳತೆ ತಪ್ಪಿತೆಂದು ಅಂಜಿದೆವು. ತಪ್ಪಿರಲಿಲ್ಲ. ಒತ್ತಿದ ಪುಡಿಯಲ್ಲಿ ಸುಮಾರು ಅರ್ಧಭಾಗ ಬರಿಯ ಸಂದು. ಅದೆಲ್ಲ ಮುಚ್ಚಿದರೆ ಗಾತ್ರ ಅರ್ಧವಾಗುವುದು. ಉದ್ದ, ಅಗಲ, ಎತ್ತರಗಳು ಒಂದೊಂದೂ ಸುಮಾರು ಐದರಲ್ಲೊಂದು ಪಾಲು ಕುಗ್ಗುವುವು. ಅನುಮಾನವುಳ್ಳ ವಾಚಕರು ಘನಮೂಲ ತೆಗೆದು ನೋಡಬಹುದು.

ಪುಡಿ ಕರಗುವುದೇ ಇಲ್ಲವೆಂಬುದು ಇಲ್ಲಿಯ ಸೋಜಿಗ. ಜಿರ್ಕೋನಿಯಾ ಕರಗಲು ಸುಮಾರು 2700 ಡಿಗ್ರಿ ಸೆಂಟಿಗ್ರೇಡ್ ಶಾಖ ಬೇಕು. ಕುಲುಮೆಯಲ್ಲಿರುವುದು ಸುಮಾರು 1500. ಆದರೆ ಅದರ ಕಣಗಳು ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲಾದ ನ್ಯಾನೋಮೀಟರಿನಿಂದ ಅಳೆಯತಕ್ಕಷ್ಟು ಕಿರಿದು. ಕಣ ಕಿರಿದಾದಷ್ಟೂ ಹೊರಮೈ ಹೆಚ್ಚು. ಹೊರಮೈಯನ್ನು ಕಡಮೆಮಾಡಿಕೊಳ್ಳುವುದು ವಸ್ತುಸ್ವಭಾವ. ಶಾಖದಿಂದ ಚಲನೆ ಪಡೆದ ಪರಮಾಣುಗಳು ಕಣಗಳು ತಾಗುವೆಡೆಗೆ ಸರಿದು ಕೊರಳಿನಂತೆ ಬೆಸುಗೆ ಕಟ್ಟುವುವು; ಮತ್ತೆ ಕಣಗಳ ನಡುವಣ ಗಡಿಯಿಂದ ಹೊರಟು ರಂಧ್ರಗಳನ್ನು ತುಂಬುವುವು. ಕಣಗಳು ಒಂದಕ್ಕೊಂದು ಹತ್ತಿರವಾಗುವುವು. ಮಡಕೆಯ ಬಣ್ಣ ಬದಲಾಗುವಾಗ ಬೇಯುವುದು ಪರಮಾಣುಗಳೋ ಇಡಿಯ ಮಡಕೆಯೋ ಎಂದು ವೈಶೇಷಿಕರೂ ನೈಯಾಯಿಕರೂ ಪೀಲುಪಾಕ, ಪಿಠರಪಾಕಗಳ ಹೆಸರಿನಲ್ಲಿ ವಾದಿಸಿದ್ದರು. ಇಬ್ಬರಿಗೂ ಅರ್ಧರ್ಧ ಅಂಕ ಕೊಡಲು ನಮಗೆ ಮನಸ್ಸಾಗುತ್ತದೆ.

ಬೆಂಕಿ ಇನ್ನೊಂದು ಕೆಲಸವನ್ನೂ ಮಾಡುವುದು. ರಂಧ್ರ ಮುಚ್ಚುತ್ತಿರುವಾಗಲೇ ದೊಡ್ಡ ಹರಳು ಸಣ್ಣದನ್ನು ನುಂಗಿ ಬೆಳೆಯುವುದು. ಶುದ್ಧ ಜಿರ್ಕೋನಿಯಾ ಆರುವಾಗ ಹರಳಿನ ರಚನೆ ಬದಲಾಗಿ, ನೂರಕ್ಕೆ ನಾಲ್ಕೈದರಷ್ಟು ಉಬ್ಬಿ, ಸೀಳುವುದು. ತುಸು ಯಿಟ್ರಿಯಾ ಬೆರೆಸಿ, ಹರಳುಗಳನ್ನು ಕಿರಿದಾಗಿಟ್ಟರೆ ಮಾತ್ರ ಬಿಸಿಯಲ್ಲಿದ್ದ ರಚನೆಯೇ ನಿಲ್ಲುವುದು. ಹೆಚ್ಚು ಸುಟ್ಟು ಹರಳು ದಪ್ಪವಾದರೆ ಆ ಕಟ್ಟು ಸಡಿಲ. ಕಡಮೆ ಸುಟ್ಟರೆ ರಂಧ್ರ ಉಳಿದು ಅಲ್ಲಿಂದಲೇ ಬಿರುಕು.

2000ನೆಯ ಇಸವಿಯಲ್ಲಿ ಚೆನ್, ವಾಂಗ್ ಎಂಬ ವಿಜ್ಞಾನಿಗಳು ‘ನೇಚರ್’ ಪತ್ರಿಕೆಯಲ್ಲಿ ಒಂದು ಉಪಾಯವನ್ನು ಪ್ರಕಟಿಸಿದರು. ಯಿಟ್ರಿಯಾದ ನ್ಯಾನೋಪುಡಿಯನ್ನು ಮೊದಲು ಹೆಚ್ಚು ಶಾಖಕ್ಕೇರಿಸಿ, ಒಡನೆ ಇಳಿಸಿ, ಕಡಮೆ ಶಾಖದಲ್ಲಿ ಬಹಳ ಹೊತ್ತು ಇಟ್ಟರು. ರಂಧ್ರ ಮುಚ್ಚಿತು, ಹರಳು ಬೆಳೆಯಲಿಲ್ಲ. ಅನ್ನಕ್ಕೆ ಕುದಿ ಬಂದ ಮೇಲೆ ಉರಿ ತಗ್ಗಿಸಿ ಇಂಗಿಸುವ ಗೃಹಿಣಿಯರಿಗೆ ಇದು ತೀರ ಹೊಸದಾಗಿ ತೋರಲಾರದು.

ನಮ್ಮ ಕವಚ ಮರುದಿನ ಕುಲುಮೆಯಿಂದ ಬಂದಿತು. ಹಲ್ಲಿನ ಮೇಲೆ ಸರಿಯಾಗಿ ಕುಳಿತಿತು. ಹುರಿಗಡಲೆ ಕಡಿಯಲು ವೈದ್ಯರು ಇನ್ನೂ ಅಪ್ಪಣೆ ಕೊಟ್ಟಿಲ್ಲ.