ಸಾರಿಗೆಗಾಗಿ ವೇತನ ತೆರಿಗೆ: ರದ್ದತಿಯ ಬೇಡಿಕೆ ಮತ್ತು ನ್ಯೂಯಾರ್ಕಿನ ಪಾಠ

ತೆರಿಗೆಯೊಂದನ್ನು ರದ್ದುಪಡಿಸಬೇಕೆಂದು ವರ್ತಕ ಸಮುದಾಯವು ಕೇಳುವುದು ಸಹಜ. ಆದರೆ ಅದರಿಂದ ನಷ್ಟವಾಗುವ ವರಮಾನವನ್ನು ಎಲ್ಲಿಂದ ತುಂಬಬೇಕು ಎಂಬ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಅಂತಹ ಬೇಡಿಕೆ ಈಡೇರುವುದು ವಿರಳ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಸಾರಿಗೆ ವೇತನ ತೆರಿಗೆಯು ಇದಕ್ಕೆ ನಿದರ್ಶನವಾಗಿದೆ.

ಆರ್ಥಿಕ ಹಿಂಜರಿತದಿಂದ ಮಹಾನಗರ ಸಾರಿಗೆ ಪ್ರಾಧಿಕಾರದ ವರಮಾನ ಕುಸಿದಾಗ, 2009ರ ಮೇ ತಿಂಗಳಲ್ಲಿ ಈ ತೆರಿಗೆಯನ್ನು ಜಾರಿಗೆ ತರಲಾಯಿತು. ನ್ಯೂಯಾರ್ಕ್ ನಗರವೂ ಸೇರಿದಂತೆ 12 ಕೌಂಟಿಗಳಲ್ಲಿ, ತ್ರೈಮಾಸಿಕ ವೇತನ ಮೊತ್ತವು 2,500 ಡಾಲರ್ ಮೀರಿದ ಮಾಲೀಕರು ಆ ಮೊತ್ತದ ಶೇ. 0.34ರಷ್ಟನ್ನು ತೆರಬೇಕಾಯಿತು. ನಮ್ಮ ವೃತ್ತಿ ತೆರಿಗೆಯನ್ನು ನೌಕರನ ಸಂಬಳದಿಂದ ಕಡಿತ ಮಾಡಲಾಗುತ್ತದೆ; ಸಂವಿಧಾನದ 276ನೇ ವಿಧಿಯು ಅದಕ್ಕೆ ವರ್ಷಕ್ಕೆ 2,500 ರೂಪಾಯಿಗಳ ಮಿತಿ ಹಾಕಿದೆ. ನ್ಯೂಯಾರ್ಕಿನ ತೆರಿಗೆಯಾದರೋ ಪೂರ್ಣವಾಗಿ ಮಾಲೀಕನ ಹೊರೆ. ಲಾಭವಿರಲಿ, ನಷ್ಟವಿರಲಿ, ಸಂಬಳ ಕೊಟ್ಟೊಡನೆ ತೆರಿಗೆ ಬಾಕಿ ನಿಲ್ಲುತ್ತದೆ.

ರೈಲು ಸೌಕರ್ಯ ಕಡಿಮೆ ಇರುವ ಹೊರವಲಯದ ಕೌಂಟಿಗಳಿಂದ ರದ್ದತಿಯ ಕೂಗು ಎದ್ದಿತು. 2012ರ ಆಗಸ್ಟ್‌ನಲ್ಲಿ ವಿಚಾರಣಾ ನ್ಯಾಯಾಲಯವೊಂದು ಈ ಶಾಸನವನ್ನು ಸಂವಿಧಾನಬಾಹಿರವೆಂದಿತು. 2013ರ ಜೂನ್‌ನಲ್ಲಿ ಮೇಲ್ಮನವಿ ನ್ಯಾಯಾಲಯವು ಆ ತೀರ್ಪನ್ನು ತಳ್ಳಿಹಾಕಿತು.

ಸಣ್ಣ ಉದ್ದಿಮೆದಾರರಿಗೆ ನಿಜವಾದ ಪರಿಹಾರ ದೊರೆತದ್ದು 2011ರ ಡಿಸೆಂಬರ್‌ನ ತಿದ್ದುಪಡಿಯಿಂದ. 2012ರ ಏಪ್ರಿಲ್‌ನಿಂದ ವಿನಾಯಿತಿ ಮಿತಿಯು ತ್ರೈಮಾಸಿಕಕ್ಕೆ 3,12,500 ಡಾಲರ್‌ಗಳಿಗೆ ಏರಿತು. ಮೂರು ಲಕ್ಷ ಡಾಲರ್ ಸಂಬಳ ಕೊಡುವವನು ತೆರುತ್ತಿದ್ದ 1,020 ಡಾಲರ್ ಪೂರ್ಣವಾಗಿ ಉಳಿಯಿತು. ಪ್ರಾಧಿಕಾರಕ್ಕಾದ ಖೋತಾವನ್ನು ರಾಜ್ಯದ ಬೊಕ್ಕಸದಿಂದ ತುಂಬಿಕೊಡಲಾಯಿತು. ಪರ್ಯಾಯ ವರಮಾನದ ಏರ್ಪಾಡು ಇದ್ದುದರಿಂದಲೇ ವಿನಾಯಿತಿ ಸಾಧ್ಯವಾಯಿತು ಎಂಬುದನ್ನು ಗಮನಿಸಬೇಕು.

ಅನಂತರ ರದ್ದತಿಯ ದಾರಿ ಮತ್ತಷ್ಟು ದುರ್ಗಮವಾಯಿತು. 2021ರಿಂದ ಈ ತೆರಿಗೆಯ ವರಮಾನವನ್ನೇ ಆಧಾರವಾಗಿಟ್ಟು ಸಾಲಪತ್ರಗಳನ್ನು ಹೊರಡಿಸಲಾಗುತ್ತಿದೆ. 2023ರ ಜುಲೈನಲ್ಲಿ ನಗರದ ಗರಿಷ್ಠ ದರವು ಶೇ. 0.60ಕ್ಕೆ, 2025ರ ಜುಲೈನಲ್ಲಿ 25 ಲಕ್ಷ ಡಾಲರ್ ಮೀರಿದ ತ್ರೈಮಾಸಿಕ ವೇತನಕ್ಕೆ ಶೇ. 0.895ಕ್ಕೆ ಏರಿತು. ಕೆಳಗಿನ ಎರಡು ಹಂತಗಳ ದರವನ್ನು ಮಾತ್ರ ಅರ್ಧಕ್ಕೆ ಇಳಿಸಲಾಯಿತು.

ಇಲ್ಲೊಂದು ಲೆಕ್ಕದ ತೊಡಕೂ ಉಂಟು. ಮಿತಿ ಮೀರಿದರೆ ಹೆಚ್ಚಿನ ದರವು ಇಡೀ ವೇತನ ಮೊತ್ತಕ್ಕೆ ಅನ್ವಯಿಸುತ್ತದೆ. ನಗರದಲ್ಲಿ 4,37,500 ಡಾಲರ್ ವೇತನಕ್ಕೆ ಶೇ. 0.115ರಂತೆ ತೆರಿಗೆ ಸುಮಾರು 503 ಡಾಲರ್, 4,38,000ಕ್ಕೆ ಶೇ. 0.60ರಂತೆ 2,628 ಡಾಲರ್. ಐನೂರು ಡಾಲರ್ ಸಂಬಳ ಹೆಚ್ಚಿಸಿದ್ದಕ್ಕೆ ಎರಡು ಸಾವಿರಕ್ಕೂ ಮೀರಿದ ತೆರಿಗೆ!

ನಮ್ಮಲ್ಲಿಯೂ 1979ರಲ್ಲಿ ಆಕ್ಟ್ರಾಯ್ ರದ್ದಾದಾಗ ಅದರ ಸ್ಥಾನದಲ್ಲಿ ಪ್ರವೇಶ ತೆರಿಗೆ ಬಂದುದನ್ನು ಹಿರಿಯ ವರ್ತಕರು ಬಲ್ಲರು. ಆದುದರಿಂದ ಯಾವುದೇ ತೆರಿಗೆಯ ವಿಷಯದಲ್ಲಿ ಮನವಿ ಸಲ್ಲಿಸುವಾಗ ಮೂರು ಅಂಶಗಳನ್ನು ಸ್ಪಷ್ಟಪಡಿಸುವುದು ಒಳಿತು: ಎಷ್ಟು ವಿನಾಯಿತಿ ಮಿತಿ ಬೇಕು, ಮಿತಿ ಮೀರಿದಾಗ ದರವು ಹೆಚ್ಚುವರಿ ಮೊತ್ತಕ್ಕೆ ಮಾತ್ರ ಅನ್ವಯಿಸುವುದೇ, ಮತ್ತು ಖೋತಾ ತುಂಬುವ ಬಗೆ ಯಾವುದು. ಮೂರನೆಯದಕ್ಕೆ ನಾವೇ ಉತ್ತರ ಸೂಚಿಸದಿದ್ದರೆ ಸರ್ಕಾರವೇ ಅದನ್ನು ಹುಡುಕುತ್ತದೆ. ಆ ಉತ್ತರ ನಮಗೆ ಹಿತವಾಗಿರಬೇಕೆಂದೇನೂ ಇಲ್ಲ.